ಮಲಬಾರ್ ತುದಿಯ ಬೇಸಿಗೆ ಬಂಗಲೆ
ಏಳು ದ್ವೀಪಗಳ ನಡುವಣ ತಗ್ಗುಗಳನ್ನು ತುಂಬಿ ಬೆಳೆಸಲಾದ ಮುಂಬಯಿ ನಗರದಲ್ಲಿ, ಮಲಬಾರ್ ಗುಡ್ಡದ ಕಡಿದಾದ ಬಂಡೆಗಳು ಅರಬ್ಬೀ ಸಮುದ್ರಕ್ಕೆ ಚಾಚಿಕೊಂಡಿವೆ. ಮೂರು ಕಡೆ ಕಡಲಿರುವ ಆ ತುದಿಯಲ್ಲಿ, 1819ರಿಂದ 1827ರವರೆಗೆ ಗವರ್ನರರಾಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಬಂಗಲೆಯೊಂದನ್ನು ಕಟ್ಟಿಸಿದರು. ಸೆಖೆಯ ದಿನಗಳಲ್ಲಿ ಕಡಲ ಗಾಳಿಗಾಗಿ ಬಂದು ತಂಗುವ ಮನೆಯಷ್ಟೇ ಅದು. ಗವರ್ನರರ ಅಧಿಕೃತ ನಿವಾಸ ಪರೇಲಿನಲ್ಲಿತ್ತು.

ಈ ಏರ್ಪಾಡನ್ನು ಬದಲಿಸಿದ್ದು ಕಾಲರಾ. 1882ರಲ್ಲಿ ಗವರ್ನರ್ ಸರ್ ಜೇಮ್ಸ್ ಫರ್ಗುಸನ್ನರ ಪತ್ನಿ ಆ ರೋಗಕ್ಕೆ ಬಲಿಯಾದರು. ಪರೇಲು ವಾಸಯೋಗ್ಯವಲ್ಲವೆಂಬ ಅಭಿಪ್ರಾಯ ಬಲಗೊಂಡು, 1885ರಲ್ಲಿ ಬೇಸಿಗೆ ಬಂಗಲೆಯೇ ಖಾಯಂ ನಿವಾಸವಾಯಿತು. ತೆರವಾದ ಪರೇಲ್ ಭವನದ ಮುಂದಿನ ಇತಿಹಾಸವೂ ಗಮನಾರ್ಹವಾದುದು. ನಗರಕ್ಕೆ 1896ರಲ್ಲಿ ಬಂದೆರಗಿದ ಪ್ಲೇಗಿನ ಕಾಲದಲ್ಲಿ ಅದು ಆಸ್ಪತ್ರೆಯಾಯಿತು. 1899ರಲ್ಲಿ, ಪ್ಲೇಗಿಗೆ ಲಸಿಕೆಯನ್ನು ರೂಪಿಸಿದ್ದ ವಿಜ್ಞಾನಿ ಹಾಫ್‌ಕಿನ್ ಅವರ ಪ್ರಯೋಗಾಲಯ ಅಲ್ಲಿಗೆ ಬಂದಿತು. ರೋಗಕ್ಕೆ ಅಂಜಿ ತೊರೆದ ಮನೆಯಲ್ಲಿಯೇ ರೋಗ ನಿವಾರಣೆಯ ಕಾರ್ಯ ನಡೆಯಿತೆಂಬುದು ವಿಶೇಷ.

ಮಲಬಾರ್ ತುದಿಯ ಭವನದಲ್ಲಿ ಇಂದು ಮಹಾರಾಷ್ಟ್ರದ ರಾಜ್ಯಪಾಲರು ವಾಸಿಸುತ್ತಾರೆ. 2016ರಲ್ಲಿ ಈ ಆವರಣದ ನೆಲದಡಿಯಲ್ಲಿ ಬ್ರಿಟಿಷರ ಕಾಲದ, ಹದಿಮೂರು ಕೋಣೆಗಳ ಬಂಕರು ಪತ್ತೆಯಾಯಿತು. 2019ರಲ್ಲಿ ಅದನ್ನು ವಸ್ತುಸಂಗ್ರಹಾಲಯವನ್ನಾಗಿ ಮಾರ್ಪಡಿಸಲಾಯಿತು. ಬಳಕೆಯಲ್ಲಿರುವ ಅಧಿಕೃತ ನಿವಾಸವಾದುದರಿಂದ, ಸಂದರ್ಶಕರು ಮುಂಚಿತವಾಗಿ ವಿಚಾರಿಸಿ, ಅನುಮತಿ ಪಡೆದೇ ಹೊರಡುವುದು ಒಳಿತು.