ಕಳ್ಳ ಬೇಡ, ಕದ್ದದ್ದು ಬಂದರೆ ಸಾಕು

ಮದ್ದೂರಿನ ಎಪಿಎಂಸಿ ಎಳನೀರು ಮಾರುಕಟ್ಟೆಯಲ್ಲಿ ಕಾಯಿ ನೋಡಿ ಬೆಲೆ ಕಟ್ಟುತ್ತಾರೆ, ಮರ ಯಾರದು ಅಂತ ಕೇಳುವುದಿಲ್ಲ. ಏಷ್ಯಾದ ದೊಡ್ಡ ಎಳನೀರು ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರಾದ ಜಾಗ ಅದು. ಲಾರಿಗಟ್ಟಲೆ ಬಂದು ಬೀಳುವ ರಾಶಿಗಳ ನಡುವೆ ಬೈಕಿನ ಹಿಂದೆ ಚೀಲದಲ್ಲಿ ಕಟ್ಟಿ ತಂದ ಇಪ್ಪತ್ತು ಮೂವತ್ತು ಕಾಯಿಗಳೂ ಸೇರಿಕೊಂಡರೆ ಯಾರ ಕಣ್ಣಿಗೂ ಬೀಳುವುದಿಲ್ಲ. ತಂದವನು ಆಗಷ್ಟೇ ಮೀಸೆ ಬಲಿತ ಹುಡುಗ. ತೋಟ ಅವನ ಅಪ್ಪನದು. ಗೆಜ್ಜಲಗೆರೆ ಸುತ್ತಿನ ಯಾವ ಊರಿನಿಂದಾದರೂ ಹೆದ್ದಾರಿಗೆ ಇಳಿದರೆ ಮದ್ದೂರು ದೂರವಲ್ಲ. ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ಮನೆಯಲ್ಲಿ ಇನ್ನೂ ಹಾಲು ಕರೆದು ಮುಗಿದಿರುವುದಿಲ್ಲ.

ಸಂಜೆ ಅಪ್ಪ ತೋಟಕ್ಕೆ ಹೋದಾಗ ಎರಡು ಮರದ ಗೊನೆ ಬರಿದು. ಯಾರ ಕೆಲಸ ಅಂತ ಅವನಿಗೆ ಗೊತ್ತು. ಅಪ್ಪನಿಗೆ ಗೊತ್ತಾಗಿದೆ ಅಂತ ಮಗನಿಗೆ ಗೊತ್ತು. ಇಬ್ಬರಿಗೂ ಗೊತ್ತಿರುವುದು ಅವ್ವನಿಗೆ ಗೊತ್ತು. ಆದರೂ ರಾತ್ರಿ ಮುದ್ದೆ ಮುರಿಯುವಾಗ ಅಪ್ಪ ಗೋಡೆಗೆ ಹೇಳಿದಂತೆ ಹೇಳುತ್ತಾನೆ: "ಯಾವನೋ ಕಳ್ ನನ್ಮಗ ತೋಟಕ್ಕೆ ನುಗ್ಗವ್ನೆ ಕಣೆ. ನಾಳಿಂದ ಅಲ್ಲೇ ಮಲೀಕತೀನಿ." ಮಗ ತಟ್ಟೆಯಿಂದ ತಲೆ ಎತ್ತುವುದಿಲ್ಲ. ಬೈಗುಳ ತಾಗಬೇಕಾದ ಕಡೆಗೇ ತಾಗಿದೆ, ಹೆಸರು ಮಾತ್ರ ಬಂದಿಲ್ಲ.

ಮದ್ದೂರು, ಮಳವಳ್ಳಿ ಸೀಮೆಯ ಮನೆಗಳು ಒಳಗಿನ ಸಣ್ಣ ಕಳವನ್ನು ಸಂಭಾಳಿಸುವ ಬಗೆ ಇದೇ. ಕದ್ದದ್ದು ಹಿಂದಕ್ಕೆ ಬರಬೇಕು, ಬಾರದಿದ್ದರೆ ಮುಂದೆ ಹೋಗದಂತಾಗಬೇಕು. ಕಳ್ಳ ಮಾತ್ರ ಸಿಗಬಾರದು. ಸಿಕ್ಕಿದರೆ ನಾಳೆಯೂ ಅವನ ಪಕ್ಕದಲ್ಲೇ ಕೂತು ಉಣ್ಣಬೇಕು, ನಾಳಿದ್ದು ಅವನಿಗೆ ಹೆಣ್ಣು ನೋಡಬೇಕು. ಇದು ಹೆಣ್ಣು ಸಿಗದ ಸೀಮೆ ಬೇರೆ. 2023ರ ಫೆಬ್ರವರಿಯಲ್ಲಿ ಮದುವೆಯಾಗದ ಯುವಕರು ಇದೇ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದು ರಾಜ್ಯಕ್ಕೆಲ್ಲ ಸುದ್ದಿಯಾಗಿತ್ತು. ಹೆಣ್ಣಿನ ಕಡೆಯವರು ಊರಿಗೆ ಬಂದರೆ ಮೊದಲು ವಿಚಾರಿಸುವುದು ಟೀ ಅಂಗಡಿಯಲ್ಲಿ. ಅಲ್ಲಿ "ಹುಡ್ಗ ಒಳ್ಳೆಯವ್ನೇ, ಆದ್ರೆ ಕೈ ವಸಿ..." ಅಂತ ಯಾರಾದರೂ ಮಾತು ಅರ್ಧಕ್ಕೆ ಬಿಟ್ಟರೆ ಸಂಬಂಧ ಮುರಿಯಲು ಅಷ್ಟೇ ಸಾಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುವುದು ಇಲ್ಲಿ ಬರೀ ಗಾದೆಯಲ್ಲ, ಮನೆಯ ಆಯವ್ಯಯದ ಲೆಕ್ಕ.

ಹೆಸರು ಎತ್ತದೆ ವಸ್ತು ತರಿಸುವುದರಲ್ಲಿ ಹಳೇ ಹೆಂಗಸರನ್ನು ಮೀರಿಸಿದವರಿಲ್ಲ. ಅತ್ತೆಯ ಎಲೆಅಡಿಕೆ ಚೀಲದಿಂದ ಐನೂರರ ನೋಟು ಹೋಯಿತು ಅನ್ನಿ. ಆಕೆ ಯಾರನ್ನೂ ಹಿಡಿದು ಕೇಳುವುದಿಲ್ಲ. ಎಲ್ಲರೂ ಮನೆಯಲ್ಲಿರುವ ಹೊತ್ತು ನೋಡಿಕೊಂಡು ಹಜಾರದಲ್ಲಿ ನಿಂತು, "ದುಡ್ಡು ಎಲ್ಲೋ ಬಿದ್ದೋಗದೆ, ಸಿಕ್ಕಿದೋರು ದೇವ್ರ ಗೂಡಲ್ಲಿ ಮಡಗ್ಬುಡಿ, ನಾನು ನೀರು ಹುಯ್ಕಂಡು ಬತ್ತೀನಿ" ಅಂತ ಬಚ್ಚಲಿಗೆ ಹೋಗಿಬಿಡುತ್ತಾಳೆ. ಸ್ನಾನಕ್ಕೆ ಹೋದವಳು ಬೇಗ ಬರುವುದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನನ್ನು ಹಿಡಿಯುವುದು ಪೊಲೀಸರ ಜಾಣತನ. ಹೆಗಲು ಒರೆಸಿಕೊಳ್ಳಲು ಅವನಿಗೆ ಸಮಯ ಕೊಡುವುದು ಈಕೆಯ ಜಾಣತನ. ನೋಟು ಸಿಕ್ಕಿದ ಮೇಲೆ ಒಂದು ಸುಳ್ಳೂ ಸೇರುತ್ತದೆ: "ನಾನೇ ಮಡಗಿ ಮರ್ತಿದ್ದೆ ಕಣ್ರಪ್ಪ." ಆ ಸುಳ್ಳಿನೊಂದಿಗೆ ಕೇಸು ಮುಗಿಯಿತು.

ಇದಕ್ಕೆ ಬಗ್ಗದಿದ್ದರೆ ಆಣೆಯ ಮಾತು ಬರುತ್ತದೆ. ಕರ್ಪೂರ ಹಚ್ಚಿ ಆರಿಸುವುದು, ಮಕ್ಕಳ ತಲೆ ಮುಟ್ಟುವುದು, "ಧರ್ಮಸ್ಥಳಕ್ಕೆ ಬತ್ತೀಯಾ?" ಅನ್ನುವುದು. ಮಂಜುನಾಥನ ಆಣೆಗೆ ಹೆದರುವಷ್ಟು ಈ ಕಡೆಯ ಜನ ಕೋರ್ಟಿಗೆ ಹೆದರುವುದಿಲ್ಲ. ಊರಿನವರ ಮೇಲೆ ಅನುಮಾನವಿದ್ದರೆ ದೇವರ ಮುಂದೆ ಕಾಸು ಕಟ್ಟಿ ಕಳ್ಳನಿಗೆ ಕೇಡು ಬಯಸುವುದೂ ಉಂಟು. ಆದರೆ ಕದ್ದವನು ಮನೆಯವನೇ ಆಗಿದ್ದರೆ ಇದರಲ್ಲೊಂದು ತೊಡಕಿದೆ. ಮನೆದೇವರು ಒಬ್ಬನೇ. ಅವನಿಗೆ ದೂರು ಕೊಟ್ಟರೆ ಬರುವ ಕೇಡು ಇದೇ ಹೊಸಿಲು ದಾಟಿ ಬರಬೇಕು. "ನಮ್ ದೇವ್ರಿಗೆ ಹೇಳಿ ನಮ್ ಮಗನ್ ಕೈಕಾಲು ಬೀಳಿಸ್ಕಳಾದಾ?" ಅನ್ನುವ ತರ್ಕಕ್ಕೆ ಎದುರು ತರ್ಕ ಇಲ್ಲ. ಹಾಗಾಗಿ ಮನೆಯೊಳಗಿನ ಆಣೆ ಬಹುಮಟ್ಟಿಗೆ ಬೆದರಿಕೆಯಾಗಿಯೇ ಉಳಿಯುತ್ತದೆ.

ಮದ್ದೂರು ತಾಲ್ಲೂಕಿಗೆ ತನ್ನದೇ ಆದ ಇನ್ನೊಂದು ಮೇಲಿನ ನ್ಯಾಯದ ಕಟ್ಟೆ ಇದೆ. ಚಿಕ್ಕರಸಿನಕೆರೆಯ ಕಾಲಭೈರವೇಶ್ವರನ ಬಸಪ್ಪ. ದೇವರಿಗೆ ಬಿಟ್ಟ ಆ ಬಸವ ವ್ಯಾಜ್ಯ ಬಿಡಿಸುತ್ತದೆ, ಪೂಜಾರಿಯನ್ನು ಆರಿಸುತ್ತದೆ, ಕಳ್ಳನ ಮುಂದೆ ಹೋಗಿ ನಿಲ್ಲುತ್ತದೆ ಎಂಬ ನಂಬಿಕೆ ಮಂಡ್ಯ ಜಿಲ್ಲೆಯಲ್ಲೆಲ್ಲ ಇದೆ. ಬಸಪ್ಪನ ತೀರ್ಪನ್ನು ನಾನು ನಂಬುವವನಲ್ಲ. ಒಂದು ಮೂಕ ಪ್ರಾಣಿ ಯಾರ ಮುಂದೆ ನಿಂತಿತು ಎಂಬುದರ ಮೇಲೆ ಒಬ್ಬರ ಬದುಕು ನಿರ್ಧಾರವಾಗುವುದು ಭಯದ ಸಂಗತಿ. ಆದರೂ ಒಂದನ್ನು ಒಪ್ಪಬೇಕು. "ಸೋಮವಾರ ಬಸಪ್ಪನ್ನ ಕರುಸ್ತೀವಿ" ಅಂತ ಶುಕ್ರವಾರವೇ ಹೇಳುವುದರ ಹಿಂದೆ ಒಂದು ಲೆಕ್ಕವಿರುತ್ತದೆ. ನಡುವಿನ ರಾತ್ರಿಗಳಲ್ಲಿ ಕಳುವಾದ ಕಿವಿಯೋಲೆ ಹಿತ್ತಲ ಕಲ್ಲಿನ ಮೇಲೆ ಬಂದು ಕೂತರೆ ಬಸಪ್ಪ ಬರುವ ಅಗತ್ಯವೇ ಇಲ್ಲ.

ಅಣ್ಣತಮ್ಮಂದಿರ ಕಳವು ಮನೆಯಲ್ಲಿ ಬಗೆಹರಿಯದೆ ಊರ ಯಜಮಾನರ ಮುಂದೆ ಹೋಗುವುದುಂಟು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಬರೆದರಲ್ಲ, ಅವರು ಅಲ್ಲಿ ಹಿಂದೆ ಬಿದ್ದು ಕೂಡಿಸಿದ್ದು ಇಂಥ ಜಗಳಗಳನ್ನೇ. ಒಟ್ಟು ಕುಟುಂಬದ ಒಂದು ವ್ಯಾಜ್ಯದ ಬಗ್ಗೆಯೇ 1952ರಲ್ಲಿ ಪ್ರತ್ಯೇಕ ಲೇಖನ ಪ್ರಕಟಿಸಿದರು. ಊರಿನ ಪ್ರಬಲ ಜಾತಿಯ ಹಿರಿಯರು ತಮ್ಮವರಿಗಷ್ಟೇ ಅಲ್ಲ, ಉಳಿದ ಜಾತಿಯವರಿಗೂ ನ್ಯಾಯ ಹೇಳುತ್ತಿದ್ದುದನ್ನು ಅವರು ತೋರಿಸಿಕೊಟ್ಟರು. ಆ ಪಂಚಾಯ್ತಿಗಳಿಗೆ ಸತ್ಯ ಪತ್ತೆಮಾಡುವುದಕ್ಕಿಂತ ಇಬ್ಬರನ್ನೂ ಊರಲ್ಲಿ ಉಳಿಸುವುದು ಮುಖ್ಯವಾಗಿತ್ತು. ತಪ್ಪುಕಾಣಿಕೆ ಕಟ್ಟಿಸಿ ಕೈಮುಗಿಸಿ ಕಳಿಸುವುದು ಇಂದಿಗೂ ಅಲ್ಲಲ್ಲಿ ನಡೆಯುತ್ತದೆ.

ಸೊಸೆಯ ಸೇರು ರಾಗಿ

ಇಷ್ಟು ಕೇಳಿದವರಿಗೆ ಇದೆಲ್ಲ ಎಷ್ಟು ಹದವಾದ ವ್ಯವಸ್ಥೆ ಅನ್ನಿಸಬಹುದು. ಹದವೇನೋ ಹೌದು, ಆದರೆ ಎಲ್ಲರಿಗೂ ಒಂದೇ ಹದವಲ್ಲ. ಮಗ ಕದ್ದರೆ ಹೆಸರು ಬರುವುದಿಲ್ಲ. ಸೊಸೆ ಮುಟ್ಟಿದರೆ ಹೆಸರಿನ ಜೊತೆ ತವರುಮನೆಯ ಊರೂ ಬರುತ್ತದೆ. ಪಾತ್ರೆ ತೊಳೆಯಲು, ಕಳೆ ಕೀಳಲು ಬರುವ ಕೂಲಿಯವಳಿಗಂತೂ ಬಚ್ಚಲಿಗೆ ಹೋಗಿ ಸಮಯ ಕೊಡುವ ಅತ್ತೆ ಇಲ್ಲ. ಎಷ್ಟೋ ಮನೆಗಳಲ್ಲಿ ಮಗನ ಹೆಸರು ಉಳಿಯುವುದು ಅನುಮಾನ ಅವಳ ಕಡೆಗೆ ತಿರುಗಿದ್ದರಿಂದ. ಕಾಸು ಕದ್ದ ಮಕ್ಕಳಿಗೆ ಮೆಣಸಿನಕಾಯಿ ಹೊಗೆ ಹಾಕಿದ, ಕೈಗೆ ಬರೆ ಎಳೆದ ಕಾಲವೂ ಇತ್ತು. ಅದನ್ನು ನೆನೆದು ನಗುವ ಹಿರಿಯರಿದ್ದಾರೆ. ನನಗೆ ನಗು ಬರುವುದಿಲ್ಲ.

ಸೊಸೆ ಕದ್ದಳು ಅನ್ನುವುದಾದರೂ ಏನನ್ನು? ಹಿಂದೆ ರಾಗಿ ಹಗೇವಿನಲ್ಲಿರುತ್ತಿತ್ತು. ನೆಲದಡಿಯ ಗುಣಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದು. ತೆಗೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತದೆ, ಹಾಗಾಗಿ ನಾಲ್ಕು ಜನರ ಎದುರೇ ತೆಗೆಯಬೇಕು. ಅದನ್ನು ಒಬ್ಬರೇ ಕದಿಯಲಾಗದು. ಆದರೆ ಮೇಲಕ್ಕೆ ತಂದು ಮಣ್ಣಿನ ವಾಡೆಗೆ ಸುರಿದ ರಾಗಿ ಅಡುಗೆಮನೆಯವಳ ಕೈಗೆ ಸಿಕ್ಕಿತು. ಬಳೆಗಾರ ಬಂದಾಗ ಒಂದು ಸೇರು, ಕಡ್ಲೆಪುರಿಯವನಿಗೆ ಒಂದು ಪಾವು, ಹೆರಿಗೆಗೆ ಹೋದ ತಂಗಿಗೆ ಒಂದು ಮಡಿಲು. ಬಿತ್ತಿದ್ದು, ಕಳೆ ಕಿತ್ತದ್ದು, ಕಣದಲ್ಲಿ ತೂರಿದ್ದು ಅವಳೇ. ಸೆರಗಿನಲ್ಲಿ ಒಯ್ದದ್ದು ಮಾತ್ರ ಕಳವು.

ಕಾರಣ ಮನೆಗೆ ದುಡ್ಡು ಬರುವ ದಾರಿಯಲ್ಲಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಈ ಬಯಲಿಗೆ ಕಬ್ಬು ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾಯಿತು. ಕಬ್ಬಿನ ದುಡ್ಡು ಬೆಳೆಗೊಮ್ಮೆ, ಒಟ್ಟಿಗೆ, ಮನೆಯ ಯಜಮಾನನ ಹೆಸರಿಗೇ ಬರುತ್ತದೆ. ಉಳಿದ ದಿನ ಒಂದು ಹೇರ್‌ಪಿನ್ನಿಗೂ ಅವನ ಜೇಬನ್ನೇ ಕೇಳಬೇಕು. ಕೇಳಿ ಕೇಳಿ ಸಾಕಾದ ಕೈ ಕೇಳದೆ ತೆಗೆಯುತ್ತದೆ.

ಹಾಲಿನ ದುಡ್ಡು ಈ ಗಂಟನ್ನು ಕೊಂಚ ಸಡಿಲಿಸಿತು. ಮಂಡ್ಯ ಹಾಲು ಒಕ್ಕೂಟದ ಡೇರಿ ಇರುವುದು ಗೆಜ್ಜಲಗೆರೆಯಲ್ಲೇ. ಜಿಲ್ಲೆಯ ಸಂಘಗಳ ಹಾಲೆಲ್ಲ ಇಲ್ಲಿಗೆ ಬರುತ್ತದೆ. (2021ರಲ್ಲಿ ಇದೇ ಒಕ್ಕೂಟಕ್ಕೆ ಬರುವ ಟ್ಯಾಂಕರುಗಳಲ್ಲಿ ಹಾಲಿಗೆ ನೀರು ಬೆರೆಸಿದ ಹಗರಣ ಹೊರಬಿದ್ದಾಗ, ಮನೆಯಲ್ಲಿ ಅರ್ಧ ಲೀಟರ್ ಹೆಚ್ಚಿಸಲು ಚೊಂಬು ನೀರು ಹಾಕಿದ್ದಕ್ಕೆ ಬೈಸಿಕೊಂಡವರು ಎಷ್ಟು ನಕ್ಕಿರಬೇಡ.) ಹಸು ಮೇಯಿಸಿ, ಕರೆದು, ಡೇರಿಗೆ ಹಾಕುವವಳು ಹೆಂಗಸು. ಬಟವಾಡೆ ಅವಳ ಕೈಗೆ ಬಂದ ಮನೆಯಲ್ಲಿ ವಾಡೆಯ ರಾಗಿ ಇಳಿಯುವುದು ನಿಂತಿತು. ಸಂಘದ ಸದಸ್ಯತ್ವ ಗಂಡನ ಹೆಸರಲ್ಲೇ ಉಳಿದ ಮನೆಯಲ್ಲಿ ನಿಲ್ಲಲಿಲ್ಲ. ಆಮೇಲೆ ಸ್ತ್ರೀಶಕ್ತಿ ಸಂಘಗಳು, 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ. ಈಗ ಕೈ ತಿರುಗಿದೆ. ಅವಳ ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿರುತ್ತದೆ, ಪಿನ್ ನಂಬರು ಮೊಮ್ಮಗನ ಬಾಯಲ್ಲಿರುತ್ತದೆ. ಅಜ್ಜಿಯ ಪಿಂಚಣಿಯಿಂದ ಫೋನ್‌ಪೇ ಮೂಲಕ ನೂರು ರೂಪಾಯಿ ಹೋದರೆ ದೇವರ ಗೂಡಲ್ಲಿ ಮಡಗಿ ಅನ್ನುವಂತಿಲ್ಲ. ಯಾರು, ಯಾವಾಗ, ಎಲ್ಲಿಗೆ ಅನ್ನುವುದು ಪರದೆಯ ಮೇಲೆಯೇ ಇರುತ್ತದೆ. ಕಣ್ಣು ಮುಚ್ಚಿಕೊಳ್ಳುವ ಹಳೇ ಉಪಾಯಕ್ಕೆ ಇದು ದೊಡ್ಡ ಪೆಟ್ಟು.

ಕಾನೂನಿನ ಮಾತು

ಇಂಥ ಕಳವನ್ನು ಯಾರೂ ಠಾಣೆಗೆ ಒಯ್ಯುವುದಿಲ್ಲ ಎಂಬುದಕ್ಕೆ ಮಾನವೊಂದೇ ಕಾರಣವಲ್ಲ, ಕಾನೂನೂ ಇದಕ್ಕೆ ಹೊಂದುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಸಣ್ಣ ಕಳವಿಗೆ ಮೆತ್ತಗಾಗಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು, ಮೊದಲ ಸಲದ ತಪ್ಪು, ಕದ್ದದ್ದನ್ನು ಹಿಂತಿರುಗಿಸಿದ್ದರೆ ಸಮುದಾಯ ಸೇವೆಯೇ ಶಿಕ್ಷೆ. ಆದರೆ ವಾಸದ ಮನೆಯೊಳಗಿನ ಕಳವಿಗೆ 305ನೇ ಕಲಂ ಬೇರೆ ಇದೆ, ಏಳು ವರ್ಷದವರೆಗೆ ಸೆರೆವಾಸ. ಹೊರಗಿನಿಂದ ನುಗ್ಗುವವನನ್ನು ಮನಸ್ಸಿನಲ್ಲಿಟ್ಟುಕೊಂಡ ಕಲಂ, ಅಕ್ಷರಕ್ಕೆ ಅಕ್ಷರ ಓದಿದರೆ ಅವ್ವನ ಸಾಸಿವೆ ಡಬ್ಬಿಗೆ ಕೈ ಹಾಕಿದ ಮಗನ ಮೇಲೂ ಬೀಳಬಹುದು. ಇದಕ್ಕೂ ಹಿಂದಿನ 1860ರ ದಂಡ ಸಂಹಿತೆ ಬರೆದವರಿಗೆ ಮನೆಯೊಳಗಿನ ಗೋಜಲು ಗೊತ್ತಿರಲಿಲ್ಲ ಅನ್ನುವಂತಿಲ್ಲ. ಗಂಡನ ದುಡ್ಡು, ಅನ್ನ, ಬಟ್ಟೆಯನ್ನು ಹೆಂಡತಿ ಭಿಕ್ಷೆ ಕೊಟ್ಟಾಗ, ಕೊಡಲು ಅವಳಿಗೆ ಅಧಿಕಾರವಿದೆಯೆಂದು ತಿಳಿದು ತೆಗೆದುಕೊಂಡವನು ಕಳ್ಳನಲ್ಲ ಎಂದು 378ನೇ ಕಲಮಿಗೆ ಒಂದು ಉದಾಹರಣೆಯನ್ನೇ ಕೊಟ್ಟಿದ್ದರು.

ಬೇರೆ ದೇಶಗಳು ಇದನ್ನು ನೇರವಾಗಿಯೇ ಬರೆದುಕೊಂಡಿವೆ. ಥಾಯ್ಲೆಂಡಿನ ದಂಡ ಸಂಹಿತೆಯ 71ನೇ ಕಲಂ ಪ್ರಕಾರ ಗಂಡಹೆಂಡಿರ ನಡುವಿನ ಕಳವಿಗೆ ಶಿಕ್ಷೆಯೇ ಇಲ್ಲ. ತಂದೆತಾಯಿ ಮಕ್ಕಳ, ಒಡಹುಟ್ಟಿದವರ ನಡುವಿನದ್ದು ರಾಜಿಯಾಗಬಹುದು, ನ್ಯಾಯಾಲಯ ಶಿಕ್ಷೆ ಇಳಿಸಲೂಬಹುದು. ಅಲ್ಲಿನ ಹಳ್ಳಿಗಳಲ್ಲೂ ಊರ ಮುಖ್ಯಸ್ಥನೇ ಮಧ್ಯಸ್ಥ. ದಕ್ಷಿಣ ಕೊರಿಯಾದಲ್ಲಿ ಹತ್ತಿರದ ಬಂಧುಗಳಿಗೆ ಇಂಥದ್ದೇ ವಿನಾಯಿತಿ ದಶಕಗಳ ಕಾಲ ಇತ್ತು. 2024ರ ಜೂನ್‌ನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದು ಸಲ್ಲದು ಎಂದಿತು, ಮೋಸಹೋದವರ ದನಿಯನ್ನೇ ಅದು ಮುಚ್ಚುತ್ತದೆ ಎಂಬ ಕಾರಣಕ್ಕೆ. ನಮ್ಮಲ್ಲಿ 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದರ ಹತ್ತಿರದ ಮಾತು. ಸ್ತ್ರೀಧನ ಹೆಂಡತಿಯದೇ, ಗಂಡನಾದರೂ ಅದನ್ನು ಹಿಂದಿರುಗಿಸದಿದ್ದರೆ ನಂಬಿಕೆದ್ರೋಹದ ಅಪರಾಧ. ಸೊಸೆ ಒಯ್ದ ಸೇರು ರಾಗಿಯನ್ನು ಕಳವೆಂದ ಮನೆಗಳು ಸೊಸೆಯ ಬಳೆ ಮಾರಿ ಬೋರ್‌ವೆಲ್ ಕೊರೆಸಿದ್ದನ್ನು ಕಳವೆಂದು ಯಾವತ್ತೂ ಕರೆದಿರಲಿಲ್ಲ.

ಈಗ ಸಣ್ಣ ಕಳವು ಸಣ್ಣದಾಗಿ ಉಳಿಯುತ್ತಲೂ ಇಲ್ಲ. ಐಪಿಎಲ್ ಬೆಟ್ಟಿಂಗು, ಮೊಬೈಲಿನ ರಮ್ಮಿ ಹಳ್ಳಿಯ ಹುಡುಗರಿಗೆ ಅಂಟಿದ ಮೇಲೆ ಎಳನೀರಿನಿಂದ ಶುರುವಾದದ್ದು ಅವ್ವನ ಸರಕ್ಕೆ ಹೋಗಿ ನಿಲ್ಲುತ್ತದೆ. ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯ್ದೆ ತಂದಿದೆ. ಅಷ್ಟರಲ್ಲಿ ಎಷ್ಟು ಸರಗಳು ಚಿನ್ನದ ಸಾಲದ ಕಂಪನಿಗಳಿಗೆ, ಸೇಟು ಅಂಗಡಿಗಳಿಗೆ ಹೋಗಿದ್ದವೋ. ಒಗೆಯಲು ಹಾಕಿದ ಪ್ಯಾಂಟಿನಲ್ಲಿ ಗಿರವಿ ಚೀಟಿ ಸಿಕ್ಕರೆ ಕಳವು ಪತ್ತೆಯಾದಂತೆ. ಆಗಲೂ ಅವ್ವ ಮೊದಲು ಮಾಡುವುದು ಚೀಟಿಯನ್ನು ಗಂಡನ ಕಣ್ಣಿಗೆ ಬೀಳದಂತೆ ಎತ್ತಿಡುವುದು. ಬಡ್ಡಿ ಕಟ್ಟಿ ಬಿಡಿಸಿಕೊಳ್ಳಲು ಇನ್ನೊಂದು ಸಂಘದಲ್ಲಿ ಸಾಲ ಎತ್ತುವುದು ಆಮೇಲೆ.

ಮರೆತಂತೆ ಕಂಡ ಈ ಬಾಬತ್ತುಗಳನ್ನು ಯಾರೂ ಮರೆತಿರುವುದಿಲ್ಲ. ಎಲ್ಲವೂ ಪಾಲಿನ ದಿನಕ್ಕೆ ಕಾಯುತ್ತಿರುತ್ತವೆ. ಅಣ್ಣತಮ್ಮಂದಿರು ಬೇರೆಯಾಗುವಾಗ ಜಗಲಿಯ ಮೇಲೆ ಯಜಮಾನರು ಕೂತು, ನಾಲೆ ಕೆಳಗಿನ ಗದ್ದೆ ಯಾರಿಗೆ, ತೋಟ ಯಾರಿಗೆ ಎಂದು ಹಂಚುವ ಹೊತ್ತಿನಲ್ಲಿ ದೊಡ್ಡವನು ಮೆಲ್ಲಗೆ ಶುರುಮಾಡುತ್ತಾನೆ: "ಅವ್ನು ಆವಾಗ ಮಾರ್ಕಂಡ ಕಾಯಿ ಲೆಕ್ಕ ಕೇಳಾಕಿಲ್ಲ ನಾನು. ಸರದ ಬಾಬ್ತು ಮಾತ್ರ ಹಿಡ್ಕಳಿ." ಯಜಮಾನರು ತಲೆಯಾಡಿಸುತ್ತಾರೆ. ಪಾಲುಪಾರಿಕತ್ತಿನಲ್ಲಿ ಕಳವು ಎಂಬ ಮಾತು ಎಲ್ಲೂ ಬರುವುದಿಲ್ಲ. ಚಿಕ್ಕವನ ಪಾಲಿಗೆ ನಾಲ್ಕು ಗುಂಟೆ ಕಡಿಮೆ ಬಂದಿರುತ್ತದೆ, ಅಷ್ಟೆ. ಹೊರಗಿನವನು ಓದಿದರೆ ಬದು ಸೊಟ್ಟಗಿದೆ ಅಂದುಕೊಳ್ಳಬೇಕು.

ಆದರೆ ಈ ಲೆಕ್ಕ ಈಗ ಅಣ್ಣತಮ್ಮಂದಿರಲ್ಲೇ ಮುಗಿಯುವುದಿಲ್ಲ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆ. 2005ರ ಹೊತ್ತಿಗೆ ಅಪ್ಪ ಬದುಕಿದ್ದನೋ ಇಲ್ಲವೋ ಎಂಬ ತಕರಾರನ್ನೂ ಸುಪ್ರೀಂ ಕೋರ್ಟು 2020ರಲ್ಲಿ ಬಗೆಹರಿಸಿದೆ. ಹಾಗಾಗಿ ಮದ್ದೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅಕ್ಕತಂಗಿಯರನ್ನೂ ಕಾರು ಮಾಡಿ ಕರೆತರಬೇಕು, ಹಕ್ಕುಬಿಡುಗಡೆಗೆ ಸಹಿ ಹಾಕಿಸಬೇಕು. ಸೀರೆ, ಊಟ, ಕೈಗಿಷ್ಟು ದುಡ್ಡು ಎಲ್ಲ ಮಾತಾಗಿರುತ್ತದೆ. ಪೆನ್ನು ಹಿಡಿದವಳು ಕೇಳುತ್ತಾಳೆ: "ಅಣ್ಣಯ್ಯ, ಅವ್ವನ ಕಾಸಿನಸರ ಏನಾಯ್ತು?"

"ಅದು ಹಳೇದು ಬುಡವ್ವ" ಅನ್ನುತ್ತಾರೆ ಯಜಮಾನರು. ಅವಳು ಪೆನ್ನಿನ ಕ್ಯಾಪು ಹಾಕುತ್ತಾಳೆ.