ಮಾದರಿ ವಿಮಾನದ ಪ್ರಮಾಣಪರೀಕ್ಷೆ

ಮಹಾಯುದ್ಧದ ಕಾಲದ ಯುದ್ಧವಿಮಾನಗಳ ಪುಟ್ಟ ಪ್ರತಿಕೃತಿಗಳನ್ನು ಪ್ಲಾಸ್ಟಿಕ್ ಬಿಡಿಭಾಗಗಳಿಂದ ಜೋಡಿಸಿ ನಿಲ್ಲಿಸುವುದು ಅನೇಕ ದೇಶಗಳಲ್ಲಿ ಬಾಲಕರಿಗೂ ಹಿರಿಯರಿಗೂ ಮೆಚ್ಚಿನ ಹವ್ಯಾಸವಾಗಿದೆ. ಇಂಥ ಮಾದರಿಯು ನಿಜಕ್ಕೆ ಎಷ್ಟು ಹತ್ತಿರವಾಗಿದೆ ಎಂಬುದನ್ನು ನಿರ್ಣಯಿಸುವ ಬಗೆಯನ್ನು ಇಲ್ಲಿ ವಿವರಿಸಬಯಸುತ್ತೇವೆ. ಆಟಿಕೆಗೆ ಇಷ್ಟೊಂದು ವಿಚಾರವೇಕೆಂದು ಕೇಳುವವರಿಗೆ ಮೊದಲು ಎರಡು ಸಂಗತಿಗಳನ್ನು ತಿಳಿಸಬೇಕಾಗಿದೆ.

1939ನೆಯ ಇಸವಿ ಸೆಪ್ಟೆಂಬರ್ 3ರಂದು ಬ್ರಿಟನ್ ದೇಶವು ಯುದ್ಧವನ್ನು ಸಾರಿತು. 6ನೆಯ ತಾರೀಖಿನ ಬೆಳಿಗ್ಗೆ, ಶತ್ರುಗಳು ಬರುತ್ತಿರುವರೆಂಬ ತಪ್ಪು ಸೂಚನೆಯಿಂದ ಬ್ರಿಟಿಷ್ ವಿಮಾನಗಳು ಆಕಾಶಕ್ಕೇರಿದವು. ಸ್ಪಿಟ್‌ಫೈರ್ ವಿಮಾನಗಳಲ್ಲಿದ್ದವರು ತಮ್ಮವೇ ಆದ ಎರಡು ಹರಿಕೇನ್ ವಿಮಾನಗಳನ್ನು ಶತ್ರುಗಳದೆಂದು ಭ್ರಮಿಸಿ ಹೊಡೆದುರುಳಿಸಿದರು. ಮಾಂಟೇಗ್ಯೂ ಹಲ್ಟನ್-ಹ್ಯಾರಪ್ ಎಂಬ ತರುಣ ವೈಮಾನಿಕನು ಪ್ರಾಣ ತೆತ್ತನು. ಸೂಚನೆಗಳ ಗೊಂದಲವೇ ಅನರ್ಥಕ್ಕೆ ಮೂಲವಾದರೂ, ಆಕೃತಿಯನ್ನು ಗುರುತಿಸುವಲ್ಲಿ ಕಣ್ಣು ತಪ್ಪಿತೆಂಬುದೂ ನಿಜವೇ.

ಎರಡನೆಯ ಸಂಗತಿಯು ಶಾಲೆಯ ಮಕ್ಕಳಿಗೆ ಸಂಬಂಧಿಸಿದ್ದು. 1942ರಲ್ಲಿ ಅಮೆರಿಕದ ನೌಕಾಪಡೆಯು ತನ್ನ ದೇಶದ ವಿದ್ಯಾರ್ಥಿಗಳಿಂದ 5,00,000 ಮರದ ಮಾದರಿ ವಿಮಾನಗಳನ್ನು ಕೋರಿತು. ವಿಮಾನಗಳನ್ನು ಗುರುತಿಸಲು ಸೈನಿಕರಿಗೆ ಕಲಿಸುವುದೇ ಅದರ ಉದ್ದೇಶವಾಗಿತ್ತು. ಪ್ರತಿ ಮಾದರಿಯೂ ನಿಜವಿಮಾನದ 72ರಲ್ಲಿ ಒಂದು ಪಾಲು. ಎಂದರೆ, ವಿಮಾನದ 6 ಅಡಿಗೆ ಮಾದರಿಯಲ್ಲಿ 1 ಅಂಗುಲ. ಅಂಥ ಮಾದರಿಯನ್ನು 35 ಅಡಿ ದೂರದಲ್ಲಿ ಹಿಡಿದರೆ, 2,520 ಅಡಿ, ಅಂದರೆ ಹೆಚ್ಚುಕಡಮೆ ಅರ್ಧ ಮೈಲಿ ದೂರದ ನಿಜವಿಮಾನದಷ್ಟೇ ಗಾತ್ರಕ್ಕೆ ಕಾಣುವುದು. ಬಾಲಕನ ಉಳಿ ಜಾರಿ ರೆಕ್ಕೆಯ ಆಕಾರ ಕೆಟ್ಟರೆ ಸೈನಿಕನು ಸುಳ್ಳನ್ನೇ ಪಾಠವಾಗಿ ಕಲಿಯುವನು. ಮಾದರಿಯ ಸತ್ಯಾಸತ್ಯಗಳಿಗೆ ಎಂಥ ಬೆಲೆಯಿದೆ ಎಂಬುದು ಇದರಿಂದ ವಿದಿತವಾಗುತ್ತದೆ.

ಇನ್ನು ಪರೀಕ್ಷೆಯ ಕ್ರಮ. ಮೊದಲನೆಯದು ಅಳತೆ. 1940ರಲ್ಲಿ ಕಾದಿದ ಸ್ಪಿಟ್‌ಫೈರ್ ‘ಮಾರ್ಕ್ 1’ರ ರೆಕ್ಕೆಗಳು ತುದಿಯಿಂದ ತುದಿಗೆ 36 ಅಡಿ 10 ಅಂಗುಲ, ಉದ್ದ 29 ಅಡಿ 11 ಅಂಗುಲ. ಇವನ್ನು 72ರಿಂದ ಭಾಗಿಸಿದರೆ ಮಾದರಿಯ ಅಗಲ ಸುಮಾರು 156 ಮಿಲಿಮೀಟರ್, ಉದ್ದ ಸುಮಾರು 127 ಮಿಲಿಮೀಟರ್ ಇರಬೇಕು. ಅಗಲವನ್ನು ತುದಿಯಿಂದ ತುದಿಗೆ ನೇರವಾಗಿ ಅಳೆಯತಕ್ಕದ್ದು. ರೆಕ್ಕೆಯ ಮೈಗುಂಟ ಅಳೆದರೆ ಲೆಕ್ಕ ತಪ್ಪುವುದು. ಏಕೆಂದರೆ ರೆಕ್ಕೆಗಳು ತುದಿಯ ಕಡೆಗೆ ಮೇಲೇರಿರುತ್ತವೆ.

ಒಂದು ಅಗುಳನ್ನು ಹಿಸುಕಿ ಅನ್ನ ಬೆಂದಿದೆಯೆಂದು ಹೇಳಬಹುದು. ಆದರೆ ಒಂದು ಅಳತೆ ಸರಿಯಿದ್ದ ಮಾತ್ರಕ್ಕೆ ಮಾದರಿ ಸರಿಯೆಂದು ಹೇಳಲಾಗದು. ಉದ್ದ ಅಗಲಗಳೆರಡೂ ಕೂಡಿಬಂದು ಆಕಾರವೇ ತಪ್ಪಿರಬಹುದು. ಸ್ಪಿಟ್‌ಫೈರ್‌ನ ರೆಕ್ಕೆ ಅಂಡಾಕಾರದ್ದು. ಅದರ ಅಂಚಿನಲ್ಲಿ ಎಲ್ಲಿಯಾದರೂ ನೇರಗೆರೆ ಮೂಡಿದರೆ ವಿಮಾನದ ಮುಖಲಕ್ಷಣವೇ ಹೋಯಿತು. ಆದುದರಿಂದ ರೆಕ್ಕೆಯ ಬುಡ, ನಡು, ತುದಿಗಳಲ್ಲಿಯೂ ಒಡಲಿನ ಹಲವು ಎಡೆಗಳಲ್ಲಿಯೂ ಅಳೆದು ನೋಡಬೇಕು.

ಎರಡನೆಯದು ಕಾಲ ಮತ್ತು ಬಗೆ. ಒಂದೇ ಹೆಸರಿನ ವಿಮಾನವು ಯುದ್ಧದ ವರ್ಷಗಳಲ್ಲಿ ಅನೇಕ ಸಲ ರೂಪಾಂತರ ಹೊಂದಿತು. ‘ಮಾರ್ಕ್ 1’ರ ಬಲರೆಕ್ಕೆಯ ಕೆಳಗೆ ದೊಡ್ಡ ರೇಡಿಯೇಟರ್ ಇತ್ತು, ಎಡರೆಕ್ಕೆಯ ಕೆಳಗೆ ಎಣ್ಣೆಯನ್ನು ತಂಪುಮಾಡುವ ಚಿಕ್ಕ ಪೆಟ್ಟಿಗೆ ಮಾತ್ರ. ‘ಮಾರ್ಕ್ 9’ರಲ್ಲಿ ಎರಡೂ ಬದಿಗಳು ಸಮನಾದವು, ಪ್ರೊಪೆಲರಿಗೆ ನಾಲ್ಕು ಅಲಗುಗಳು ಬಂದವು. ಜರ್ಮನಿಯ ಮೆಸರ್‌ಶ್ಮಿಟ್ 109 ‘ಇ’ ಬಗೆಯ ರೆಕ್ಕೆಯ ತುದಿ ಕತ್ತರಿಸಿದಂತಿದ್ದರೆ ‘ಎಫ್’ ಬಗೆಯದು ದುಂಡಾಯಿತು. ಬಾಲದ ಆಧಾರಕಂಬಿಗಳು ಮಾಯವಾದವು. ಒಂದು ಬಗೆಯ ಒಡಲಿಗೆ ಇನ್ನೊಂದರ ಅಂಗಗಳನ್ನು ಅಂಟಿಸಿದ ಮಾದರಿಯು ಎಷ್ಟೇ ಅಂದವಾಗಿದ್ದರೂ, ಅಂಥ ವಿಮಾನ ಎಂದೂ ಹಾರಲಿಲ್ಲ.

ಬಣ್ಣ ಮತ್ತು ಚಿಹ್ನೆಗಳಿಗೂ ಇದೇ ನಿಯಮ. ಬ್ರಿಟಿಷ್ ವಿಮಾನಗಳ ವರ್ತುಲಚಿಹ್ನೆಯ ನಡುವೆ ಕೆಂಪು ಬೊಟ್ಟು ಇರುತ್ತಿತ್ತು. ಆದರೆ ಬರ್ಮಾದ ರಣರಂಗದಲ್ಲಿ ಅದು ಜಪಾನೀಯರ ಕೆಂಪು ಸೂರ್ಯನಂತೆ ತೋರಿ ಅನಾಹುತವಾದೀತೆಂದು ಆ ಬಣ್ಣವನ್ನೇ ತೆಗೆದುಹಾಕಿದರು. ನಮ್ಮ ಭಾರತೀಯ ವೈಮಾನಿಕರು 1944ರಲ್ಲಿ ಅಲ್ಲಿ ಹಾರಿಸಿದ ಹರಿಕೇನ್‌ಗಳ ಮಾದರಿಗೆ ಕೆಂಪು ಬೊಟ್ಟನ್ನಿಟ್ಟರೆ, ಅವರ ಪ್ರಾಣರಕ್ಷಣೆಗೆಂದು ಅಳಿಸಿದ್ದನ್ನೇ ನಾವು ಮರಳಿ ಬರೆದಂತಾಗುತ್ತದೆ.

ಮೂರನೆಯದು ಸಾಕ್ಷಿಗಳ ವಿಮರ್ಶೆ. ಅಚ್ಚಾದ ನಕ್ಷೆಯನ್ನು ವೇದವಾಕ್ಯವೆಂದು ನಂಬಲಾಗದು. ಒಬ್ಬನ ತಪ್ಪನ್ನು ಮತ್ತೊಬ್ಬನು ನಕಲುಮಾಡುವುದುಂಟು. ಮುದ್ರಣದಲ್ಲಿ ಅಳತೆ ಹಿಗ್ಗಿ ಕುಗ್ಗುವುದೂ ಉಂಟು. ಮಾದರಿಯನ್ನು ನಕ್ಷೆಯಿಂದ ಅಳೆಯುವ ಮುನ್ನ ನಕ್ಷೆಯನ್ನೇ ಅಳೆಯಬೇಕು. ಛಾಯಾಚಿತ್ರವಾದರೋ, ಹತ್ತಿರದ್ದನ್ನು ಹಿರಿದಾಗಿಯೂ ದೂರದ್ದನ್ನು ಕಿರಿದಾಗಿಯೂ ತೋರಿಸುತ್ತದೆ. ಅಂದಿನ ಕೆಲವು ಫಿಲ್ಮುಗಳಲ್ಲಿ ಹಳದಿ ಬಣ್ಣವು ಕಪ್ಪಾಗಿ ಮೂಡುತ್ತಿತ್ತು. ಸಂಗ್ರಹಾಲಯದಲ್ಲಿರುವ ವಿಮಾನಕ್ಕೂ ಮುಂದೆ ದುರಸ್ತಿ ನಡೆದು, ಹೊಸ ಬಣ್ಣ ಬಳಿದಿರಬಹುದು. ಹಲವು ಸಾಕ್ಷಿಗಳು ಒಂದೇ ಮಾತನ್ನಾಡಿದಾಗಲೇ ತೀರ್ಪು ಕೊಡುವುದು ಯುಕ್ತ.

ಕೊನೆಯದಾಗಿ, ದೋಷಗಳ ತೂಕ. ಅಗಲದಲ್ಲಿ 1 ಮಿಲಿಮೀಟರ್ ಕಡಮೆಯಾದರೆ ನಿಜದಲ್ಲಿ ಅದು 3 ಅಂಗುಲಕ್ಕೂ ಕಿರಿದು. ಕಣ್ಣು ಅದನ್ನು ಕಾಣದು. ಆದರೆ ಲೋಹದ ತಗಡುಗಳ ಕೂಡುಗೆರೆಯನ್ನು 0.2 ಮಿಲಿಮೀಟರ್ ಅಗಲವಾಗಿ ಕೊರೆದರೆ, ನಿಜವಿಮಾನದಲ್ಲಿ ಅದು 14 ಮಿಲಿಮೀಟರಿಗೂ ಮೀರಿದ ಬಿರುಕಾಗುತ್ತದೆ; ಕಿರುಬೆರಳೇ ತೂರೀತು! ಹೀಗಿದ್ದರೂ, ಸಣ್ಣ ಅಚ್ಚಿನಲ್ಲಿ ಅದಕ್ಕಿಂತ ತೆಳುವಾದ ಗೆರೆ ಸುಲಭಸಾಧ್ಯವಲ್ಲ. ಯಾವ ತಪ್ಪು ಅನಿವಾರ್ಯ, ಯಾವುದು ಅಲಕ್ಷ್ಯದಿಂದಾದದ್ದು ಎಂಬ ವಿವೇಕವಿಲ್ಲದೆ ಹಳಿಯುವವನು ಪರೀಕ್ಷಕನಲ್ಲ.

ನಮ್ಮ ಭಾಷೆಯಲ್ಲಿ ‘ಪ್ರಮಾಣ’ವೆಂದರೆ ಅಳತೆಯೂ ಹೌದು, ಆಧಾರವೂ ಹೌದು, ಆಣೆಯೂ ಹೌದು. ಅಳೆದು ನೋಡಿ, ಆಧಾರವನ್ನು ಹುಡುಕಿ, ಕಂಡುದನ್ನು ಆಣೆಯಿಟ್ಟಂತೆ ನುಡಿಯುವುದೇ ಈ ಪರೀಕ್ಷೆಯ ಸಾರ. ಅಂಗೈಯಗಲದ ವಿಮಾನದಲ್ಲಿ ಇದನ್ನು ಅಭ್ಯಾಸಮಾಡಿದ ವಿದ್ಯಾರ್ಥಿಯು ನಾಳೆ ಹಿರಿಯ ವಿಷಯಗಳಲ್ಲಿಯೂ ಅಳೆಯದೆ ತೀರ್ಪು ಕೊಡಲಾರನೆಂದು ನಾವು ನಂಬಿದ್ದೇವೆ.