ನಿಮಗಿದು ಗೊತ್ತೇ? ಸಂತೇಬೆನ್ನೂರಿನ ನೀರು 98ಕ್ಕೇ ಕುದಿಯುತ್ತದೆ!

● 100 ಡಿಗ್ರಿಗೆ ನೀರು ಕುದಿಯುತ್ತದೆಂಬುದು ಸಮುದ್ರಮಟ್ಟದ ಲೆಕ್ಕ. ಸಂತೇಬೆನ್ನೂರಿರುವ ಚನ್ನಗಿರಿ ಸೀಮೆ ಅದಕ್ಕಿಂತ 600 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೇ ನೀರು ಮರಳುತ್ತದೆ. ಸಂತೇಬೆನ್ನೂರಿನ ಪುಷ್ಕರಣಿಯ ನೀರಾದರೂ ಅಷ್ಟೇ, ಬೋರ್‌ವೆಲ್ ನೀರಾದರೂ ಅಷ್ಟೇ. ಬಿಸಿ ಅಳೆಯುವ ಹೊಸ ಸೆನ್ಸರನ್ನು ಕುದಿನೀರಿಗೆ ಅದ್ದಿದಾಗ 98 ತೋರಿಸಿತೆಂದು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಅನುಮಾನಪಡಬೇಕಾದ್ದು ಇಲ್ಲಿ ಕರಾರುವಾಕ್ಕಾಗಿ 100 ತೋರಿಸುವ ಸೆನ್ಸರನ್ನು!

● ಅಡಿಕೆ ಬೇಯಿಸುವ ಹಂಡೆ ಒಮ್ಮೆ ಮರಳತೊಡಗಿದ ಮೇಲೆ ಒಲೆಗೆ ಎಷ್ಟು ಸೌದೆ ತುರುಕಿದರೂ ನೀರಿನ ಬಿಸಿ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಹೆಚ್ಚುವುದು ಆವಿ ಮತ್ತು ಸೌದೆಯ ಖರ್ಚು.

● ಐಸ್ ಪರೀಕ್ಷೆಗೆ ಊರಿನ ಎತ್ತರದ ಹಂಗಿಲ್ಲ. ಐಸನ್ನು ಪುಡಿ ಮಾಡಿ, ಸಂದುಗಳು ತುಂಬುವಷ್ಟು ತಣ್ಣೀರು ಹಾಕಿ ಕಲಕಿ, ಸೆನ್ಸರಿನ ತುದಿ ಪಾತ್ರೆಗೆ ತಾಗದಂತೆ ಇಳಿಬಿಡಿ: 0 ಬರಬೇಕು. ಬರಿಯ ಐಸ್ ಸಾಲದು. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಗಡ್ಡೆ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ. ಉಪ್ಪು ಬಿದ್ದರಂತೂ ಲೆಕ್ಕವೇ ಕೆಟ್ಟಿತು.

● 1742ರಲ್ಲಿ ಸೆಲ್ಸಿಯಸ್ ಮಾಡಿದ ಮೂಲ ಅಳತೆ ತಲೆಕೆಳಗಾಗಿತ್ತು: ನೀರು ಕುದಿಯುವುದು 0, ಹೆಪ್ಪುಗಟ್ಟುವುದು 100!

● ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನ ತುದಿಯಲ್ಲಿರುವುದು ಥರ್ಮಿಸ್ಟರ್. ಬಿಸಿ ಏರಿದಂತೆ ಇದರ ವಿದ್ಯುತ್ ರೋಧ ಇಳಿಯುತ್ತದೆ. ಬಿಸಿಗೆ ರೋಧ ಇಳಿಯುವ ಈ ಗುಣವನ್ನು ಮೈಕೆಲ್ ಫ್ಯಾರಡೆ 1833ರಲ್ಲೇ ಸಿಲ್ವರ್ ಸಲ್ಫೈಡ್‌ನಲ್ಲಿ ಕಂಡಿದ್ದ. ಪರೀಕ್ಷೆ ಸುಲಭ: ಬಿಡಿ ಥರ್ಮಿಸ್ಟರಿಗೆ ಮಲ್ಟಿಮೀಟರ್ ಹಚ್ಚಿ ಓಮ್‌ನಲ್ಲಿಟ್ಟು, ಅದನ್ನು ಮುಷ್ಟಿಯಲ್ಲಿ ಹಿಡಿಯಿರಿ. ಅಂಕಿ ಇಳಿಯುತ್ತಾ ಹೋದರೆ ಜೀವ ಇದೆ. ಅಲುಗದೆ ನಿಂತರೆ ಬಿಸಾಡಿ.

● ಥರ್ಮೋಕಪಲ್‌ಗೆ ಬ್ಯಾಟರಿಯೇ ಬೇಡ. ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಬೆಸೆದು, ಬೆಸುಗೆಯ ತುದಿ ಕಾಯಿಸಿದರೆ ತಾನಾಗಿ ವೋಲ್ಟೇಜ್ ಹುಟ್ಟುತ್ತದೆ. 1821ರಲ್ಲಿ ಸೀಬೆಕ್ ಕಂಡ ಸಂಗತಿ ಇದು. ಆದರೆ ಹುಟ್ಟುವುದು ತೀರಾ ಅಲ್ಪ. ಕೆ-ಟೈಪ್‌ನಲ್ಲಿ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಎರಡೂ ತುದಿ ಒಂದೇ ಬಿಸಿಯಲ್ಲಿದ್ದರೆ ಮೀಟರ್ ಸೊನ್ನೆ ತೋರಿಸುತ್ತದೆ, ಅದು ಹಾಳಾದ ಗುರುತಲ್ಲ. ಕಂಟ್ರೋಲರ್‌ನಲ್ಲಿ ಕುಲುಮೆ ಕಾಯ್ದಷ್ಟೂ ಅಂಕಿ ಕೆಳಗಿಳಿಯುತ್ತಿದೆಯೇ? ತಂತಿ ಅದಲುಬದಲಾಗಿದೆ, ತಿರುಗಿಸಿ ಕಟ್ಟಿ.

● 1977ರಲ್ಲಿ ಹಾರಿದ ವಾಯೇಜರ್ ನೌಕೆಗಳಿಗೆ ಕರೆಂಟು ಕೊಡುತ್ತಿರುವುದೂ ಇದೇ ಸೀಬೆಕ್ ಪರಿಣಾಮ. ಕಾಯಿಸುವ ಕೆಲಸ ಪ್ಲುಟೋನಿಯಮ್‌ನದು.

● ಪಿಟಿ-100 ಸೆನ್ಸರಿನ ಹೆಸರೇ ಅದರ ಜಾತಕ: ಪ್ಲಾಟಿನಮ್, 0 ಡಿಗ್ರಿಯಲ್ಲಿ 100 ಓಮ್. 100 ಡಿಗ್ರಿಯಲ್ಲಿ 138.5. ಉದ್ದ ವೈರ್ ಎಳೆದು ಒಂದೇ ಒಂದು ಓಮ್ ಹೆಚ್ಚಿದರೂ ಎರಡೂವರೆ ಡಿಗ್ರಿ ಸುಳ್ಳು ಬಿಸಿ ಕಾಣುತ್ತದೆ. ಅದಕ್ಕೇ ಮೂರನೇ ವೈರ್ ಕೊಡುವುದು. ಅದನ್ನು ದಂಡವೆಂದು ಕತ್ತರಿಸುವವರೂ ಇದ್ದಾರೆ!

● ಕಾಲೇಜು ಹುಡುಗರ ಪ್ರಾಜೆಕ್ಟುಗಳಲ್ಲಿ ಕಾಣುವ ಡಿಎಸ್18ಬಿ20 ಸೆನ್ಸರ್ ಒಮ್ಮೊಮ್ಮೆ ಇದ್ದಕ್ಕಿದ್ದಂತೆ 85 ಡಿಗ್ರಿ ಎನ್ನುತ್ತದೆ. ಬೆಂಕಿ ಬಿದ್ದಿಲ್ಲ. ಕರೆಂಟು ಬಂದೊಡನೆ, ಅಳೆಯುವ ಮೊದಲು, ಅದರಲ್ಲಿ ಕೂತಿರುವ ಅಂಕಿಯೇ 85.

● ಇನ್ಫ್ರಾರೆಡ್ ಗನ್ನಿನ ಕೆಂಪು ಚುಕ್ಕೆ ಅಳೆಯುವುದಿಲ್ಲ, ಗುರಿ ತೋರಿಸುತ್ತದೆ ಅಷ್ಟೇ. ಫಳಫಳ ಹೊಳೆವ ಸ್ಟೀಲ್ ಪಾತ್ರೆಯ ಮೇಲೆ ಈ ಗನ್ ಸುಳ್ಳು ಹೇಳುತ್ತದೆ. ಹೊಳಪು ಲೋಹ ತನ್ನ ಶಾಖವನ್ನು ಸರಿಯಾಗಿ ಹೊರಸೂಸದು. ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಅದು ಕಾಯುವತನಕ ತಾಳಿ, ಅದರ ಮೇಲೆ ಹಿಡಿಯಿರಿ.

● ತೋಟದ ಮೋಟಾರ್ ಸ್ಟಾರ್ಟರ್‌ನ ಓವರ್‌ಲೋಡ್ ರಿಲೇಯಲ್ಲಿ ಸಾಮಾನ್ಯವಾಗಿ ಇರುವುದೂ ಶಾಖ ಬಲ್ಲ ಪಟ್ಟಿಯೇ. ಎರಡು ಲೋಹಗಳು ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಪಟ್ಟಿ ಬಾಗುತ್ತದೆ, ಮೋಟಾರ್ ಟ್ರಿಪ್ ಆಗುತ್ತದೆ. ಆ ಕ್ಷಣವೇ ರಿಸೆಟ್ ಒತ್ತಿದರೆ ನಿಲ್ಲದು. ಪಟ್ಟಿ ಆರಲಿ, ಆಮೇಲೆ ಒತ್ತಿ. ಆಗಲೂ ಟ್ರಿಪ್ ಆದರೆ ಬೈಯಬೇಕಾದ್ದು ರಿಲೇಯನ್ನಲ್ಲ. ಮೂರೂ ಫೇಸ್ ಬರುತ್ತಿದೆಯೇ ನೋಡಿ.